ಹಳೆಯ ಕಾದಂಬರಿಗಳ ಹೆಣ್ಣುಮಕ್ಕಳನ್ನು ಓದುವುದು ಹೇಗೆ?

“ಕಾತ್ಯಾಯನಿ ಮಾಡಿದ್ದು ಸರಿಯೋ ತಪ್ಪೋ?”

ಎಸ್.ಎಲ್. ಭೈರಪ್ಪನವರ ‘ವಂಶವೃಕ್ಷ’ದ ಮಾತು ಎದ್ದರೆ ಮೈಸೂರಿನಲ್ಲಿ ಈ ಪ್ರಶ್ನೆ ಬಂದೇ ಬರುತ್ತದೆ. ಅದರಲ್ಲಿ ವಿಧವೆ ಕಾತ್ಯಾಯನಿ ಮಗನನ್ನು ಮಾವನ ಮನೆಯಲ್ಲೇ ಬಿಟ್ಟು ರಾಜಾರಾವ್‌ನನ್ನು ಮದುವೆಯಾಗುತ್ತಾಳೆ. ಕಥೆಯ ಮನೆ ನಂಜನಗೂಡಿನದು, ಕಾಲೇಜು ಮೈಸೂರಿನದು. ಹಾಗಾಗಿ ಎಲ್ಲರಿಗೂ ಒಂದು ಅಭಿಪ್ರಾಯ ಇರುತ್ತದೆ. ಮಗುವನ್ನು ಬಿಟ್ಟು ಹೋಗಬಾರದಿತ್ತು ಅಂತ ಒಬ್ಬರು. ಇನ್ನೇನು ಮಾಡಬೇಕಿತ್ತು ಅಂತ ಇನ್ನೊಬ್ಬರು. ಅಷ್ಟರಲ್ಲಿ ಕಾಫಿ ಬರುತ್ತದೆ, ಚರ್ಚೆ ಮುಗಿಯುತ್ತದೆ. ಪುಸ್ತಕದ ಒಂದು ಪುಟವನ್ನೂ ಯಾರೂ ತೆರೆದಿರುವುದಿಲ್ಲ.

ಆ ಪ್ರಶ್ನೆಯನ್ನು ಪಕ್ಕಕ್ಕಿಡಿ ಅನ್ನುವುದೇ ನನ್ನ ಮೊದಲ ಸಲಹೆ. ಅದರ ಬದಲು ಇದನ್ನು ಕೇಳಿ: ಅವಳ ಮುಂದೆ ನಿಜವಾಗಿ ಎಷ್ಟು ದಾರಿಗಳಿದ್ದವು? ಒಂದೊಂದನ್ನೂ ಮುಚ್ಚಿದವರು ಯಾರು? ಯಾವುದರಿಂದ ಮುಚ್ಚಿದರು, ದುಡ್ಡಿನಿಂದಲಾ, ಕಾನೂನಿನಿಂದಲಾ, ಮಾತಿನಿಂದಲಾ, ಪ್ರೀತಿಯಿಂದಲಾ? ಉತ್ತರ ಪುಸ್ತಕದೊಳಗೇ ಇರುತ್ತದೆ. ಹುಡುಕೋಕೆ ಒಂದು ನೋಟ್‌ಬುಕ್, ಒಂದು ಪೆನ್ಸಿಲ್, ಸ್ವಲ್ಪ ತಾಳ್ಮೆ ಸಾಕು. ಒಬ್ಬರೇ ಓದಿದರೂ ಆಯಿತು. ನಾಲ್ಕೈದು ಜನ ಸೇರಿದರೆ ಇನ್ನೂ ಚೆನ್ನ.

ಹೆಜ್ಜೆ 1: ಸಣ್ಣ ಪುಸ್ತಕದಿಂದ ಶುರು ಮಾಡಿ

ಉತ್ಸಾಹದಲ್ಲಿ ‘ಮಲೆಗಳಲ್ಲಿ ಮದುಮಗಳು’ ಎತ್ತಿಕೊಳ್ಳಬೇಡಿ. ದೊಡ್ಡ ಪುಸ್ತಕ, ದೊಡ್ಡ ಕೃತಿ, ಆದರೆ ಮೊದಲ ತಿಂಗಳಿಗೆ ಅಲ್ಲ. ಮೈಸೂರು, ಮಂಡ್ಯದ ನಮ್ಮ ಸೀಮೆಯವರು ಕಾದಂಬರಿಗಾರ್ತಿ ತ್ರಿವೇಣಿಯವರಿಂದ ಶುರು ಮಾಡುವುದು ಒಳ್ಳೆಯದು. ಅವರು ಹುಟ್ಟಿದ್ದು 1928ರಲ್ಲಿ, ಮಂಡ್ಯದಲ್ಲಿ. ಓದಿದ್ದು ಮೈಸೂರಿನಲ್ಲಿ, ಅದೂ ಮನಶ್ಶಾಸ್ತ್ರ. ಚಾಮುಂಡಿಪುರಂನಲ್ಲಿ ಅವರು ಬಾಳಿದ ಮನೆ ಈಗ ಸಂಗ್ರಹಾಲಯವಾಗಿದೆ. ಹೋಗುವ ಮುಂಚೆ ತೆರೆದಿರುವ ಸಮಯ ವಿಚಾರಿಸಿಕೊಳ್ಳಿ. ‘ಬೆಳ್ಳಿಮೋಡ’ ಅಥವಾ ‘ಶರಪಂಜರ’ವನ್ನು ಒಂದು ವಾರಾಂತ್ಯದಲ್ಲಿ ಓದಿ ಮುಗಿಸಬಹುದು. ಮುದ್ರಣದಲ್ಲೂ ಇವೆ, ಲೈಬ್ರರಿಗಳಲ್ಲೂ ಸಿಗುತ್ತವೆ.

ಎರಡನೆಯದಾಗಿ ‘ವಂಶವೃಕ್ಷ’ (1965) ಇಲ್ಲವೇ ‘ಗೃಹಭಂಗ’ (1970). ಮೂರನೆಯದು ಇನ್ನೂ ಹಳೆಯದಿರಲಿ. ಗುಲ್ವಾಡಿ ವೆಂಕಟರಾಯರ ‘ಇಂದಿರಾಬಾಯಿ’ (1899) ಆಗಬಹುದು, ಎಂ.ಎಸ್. ಪುಟ್ಟಣ್ಣನವರ ‘ಮಾಡಿದ್ದುಣ್ಣೋ ಮಹಾರಾಯ’ (1915) ಆಗಬಹುದು. ಇಂಥ ಹಳೆಯ ಪುಸ್ತಕಗಳು ಅಂಗಡಿಯಲ್ಲಿ ಸಿಗದಿದ್ದರೆ ಇಂಟರ್ನೆಟ್ ಆರ್ಕೈವ್‌ನಲ್ಲಿ ಹುಡುಕಿ. ಕನ್ನಡದ ಎಷ್ಟೋ ಹಳೆಯ ಪುಸ್ತಕಗಳ ಸ್ಕ್ಯಾನ್ ಪ್ರತಿಗಳು ಅಲ್ಲಿ ಪುಕ್ಕಟೆ ಸಿಗುತ್ತವೆ.

ಹೆಜ್ಜೆ 2: ಎರಡು ಕಾಲ ಬರೆದುಕೊಳ್ಳಿ

ಪುಸ್ತಕ ಅಚ್ಚಾದ ವರ್ಷ ಒಂದು, ಕಥೆ ನಡೆಯುವ ಕಾಲ ಇನ್ನೊಂದು. ಎರಡನ್ನೂ ನೋಟ್‌ಬುಕ್ಕಿನ ಮೊದಲ ಪುಟದಲ್ಲಿ ಬರೆಯಿರಿ. ‘ವಂಶವೃಕ್ಷ’ ಬಂದದ್ದು 1965ರಲ್ಲಿ. ಕಥೆ ಶುರುವಾಗುವುದು ಮಹಾರಾಜರ ಕಾಲದಲ್ಲಿ. ಎಂ.ಕೆ. ಇಂದಿರಾ ಅವರ ‘ಫಣಿಯಮ್ಮ’ ಬಂದದ್ದು 1976ರಲ್ಲಿ. ಅದು ಹೇಳುವುದು ಅದಕ್ಕಿಂತ ಎಷ್ಟೋ ಹಿಂದಿನ ಬಾಲವಿಧವೆಯೊಬ್ಬಳ ಬದುಕನ್ನು. ನಡುವಿನ ಅಂತರದಲ್ಲಿ ಲೇಖಕರು ನಿಂತಿರುತ್ತಾರೆ. ಹಿಂದಿನದನ್ನು ನೋಡಿ ಅವರು ಮರುಗುತ್ತಿದ್ದಾರಾ, ಸಿಟ್ಟಾಗಿದ್ದಾರಾ, ಇಲ್ಲಾ ಆ ಕಾಲವೇ ಚೆನ್ನಾಗಿತ್ತು ಅಂತ ಒಳಗೊಳಗೇ ಅಂದುಕೊಳ್ಳುತ್ತಿದ್ದಾರಾ? ಇದು ಕೊನೆಯ ಅಧ್ಯಾಯಕ್ಕೆ ಬಂದಾಗ ಬಹಳ ಉಪಯೋಗಕ್ಕೆ ಬರುತ್ತದೆ.

ಹೆಜ್ಜೆ 3: ಕಾನೂನಿನ ಪಟ್ಟಿಯನ್ನು ಪುಸ್ತಕದೊಳಗೆ ಇಟ್ಟುಕೊಳ್ಳಿ

ಬುಕ್‌ಮಾರ್ಕ್ ಥರ ಒಂದು ಚೀಟಿ ಸಾಕು. ಅದರಲ್ಲಿ ಇಷ್ಟು ಬರೆಯಿರಿ.

1856: ಬ್ರಿಟಿಷ್ ಆಡಳಿತದ ಪ್ರದೇಶಗಳಲ್ಲಿ ಹಿಂದೂ ವಿಧವೆಯರ ಮರುಮದುವೆಗೆ ಕಾನೂನಿನ ಒಪ್ಪಿಗೆ.
1894: ಮೈಸೂರು ಸಂಸ್ಥಾನದಲ್ಲಿ ಎಂಟು ವರ್ಷದೊಳಗಿನ ಹುಡುಗಿಯರ ಮದುವೆಗೆ ನಿಷೇಧ.
1933: ಹಿಂದೂ ಸ್ತ್ರೀಯರ ಹಕ್ಕುಗಳ ಬಗ್ಗೆ ಮೈಸೂರು ಸಂಸ್ಥಾನದ್ದೇ ಕಾಯ್ದೆ. ಕುಟುಂಬದ ಆಸ್ತಿ ಪಾಲಾಗುವಾಗ ವಿಧವೆ, ತಾಯಿ, ಮದುವೆಯಾಗದ ಮಗಳಂಥವರಿಗೂ ಒಂದು ಭಾಗ.
1955, 1956: ಹಿಂದೂ ವಿವಾಹ ಕಾಯ್ದೆ, ಉತ್ತರಾಧಿಕಾರ ಕಾಯ್ದೆ.
1994: ಕರ್ನಾಟಕದಲ್ಲಿ ಪಿತ್ರಾರ್ಜಿತ ಆಸ್ತಿಯಲ್ಲಿ ಹೆಣ್ಣುಮಕ್ಕಳಿಗೆ ಗಂಡುಮಕ್ಕಳಷ್ಟೇ ಹಕ್ಕು. ಇಡೀ ದೇಶಕ್ಕೆ ಅದು ಬಂದದ್ದು 2005ರಲ್ಲಿ.

1894ರ ಸಾಲನ್ನು ಇನ್ನೊಂದು ಸಲ ಓದಿ. ಎಂಟು ವರ್ಷ! ಆ ಕಾಲಕ್ಕೆ ಅದೇ ದೊಡ್ಡ ಸುಧಾರಣೆ.

ಈ ಚೀಟಿಯಿಂದ ಏನು ಲಾಭ? ‘ಇಂದಿರಾಬಾಯಿ’ ಬಂದದ್ದು ಮಂಗಳೂರಿನಲ್ಲಿ. ಅದು ಬ್ರಿಟಿಷರ ಆಡಳಿತದಲ್ಲಿದ್ದ ಊರು. ಅಲ್ಲಿ ವಿಧವೆಯ ಮರುಮದುವೆ ಕಾನೂನಿನ ಪ್ರಕಾರ ಸರಿ ಅಂತಾಗಿ ಆಗಲೇ 43 ವರ್ಷ ಆಗಿತ್ತು. ಆದರೂ ಬಾಲವಿಧವೆಯೊಬ್ಬಳು ಓದಿ ಮತ್ತೆ ಮದುವೆಯಾಗುವುದು ಒಂದು ಕಾದಂಬರಿಗೆ ವಸ್ತುವಾಗುವಷ್ಟು ದೊಡ್ಡ ವಿಷಯ. ಅಂದರೆ ಅವಳನ್ನು ತಡೆಯುತ್ತಿದ್ದದ್ದು ಕಾನೂನಲ್ಲ. ಹಾಗಾದರೆ ಏನು? ಅದನ್ನೇ ಪುಸ್ತಕದಲ್ಲಿ ಹುಡುಕಬೇಕು. ಕಾನೂನು ಬಿಟ್ಟರೂ ಊರು ಬಿಡದ ಜಾಗಗಳಿಗೆ ಪೆನ್ಸಿಲ್ ಗುರುತು ಹಾಕಿ.

ಹೆಜ್ಜೆ 4: ದುಡ್ಡು ಎಲ್ಲಿದೆ ನೋಡಿ

ಒಂದೇ ಹೆಜ್ಜೆಗೆ ಪುರುಸೊತ್ತಿದ್ದರೆ ಇದನ್ನು ಮಾಡಿ. ಪ್ರತಿ ಅಧ್ಯಾಯ ಮುಗಿದಾಗಲೂ ಕೇಳಿಕೊಳ್ಳಿ: ಮನೆ ಯಾರ ಹೆಸರಲ್ಲಿದೆ? ಪೆಟ್ಟಿಗೆಯ ಬೀಗದ ಕೈ ಯಾರ ಹತ್ತಿರ ಇದೆ? ಒಡವೆ ಯಾರದು, ಅಡವಿಡುವವರು ಯಾರು? ದುಡಿಯುವವರು ಯಾರು, ಸಹಿ ಹಾಕುವವರು ಯಾರು?

‘ಬೆಳ್ಳಿಮೋಡ’ವನ್ನು ಎಲ್ಲರೂ ಪ್ರೇಮಕಥೆ ಅಂತ ಓದುತ್ತಾರೆ. ಸಿನಿಮಾದ ಹಾಡುಗಳ ನೆನಪೂ ಅದಕ್ಕೆ ಸೇರಿಕೊಂಡಿದೆ. ದುಡ್ಡಿನ ಕಣ್ಣಿಂದ ಓದಿ, ಪುಸ್ತಕವೇ ಬೇರೆಯಾಗುತ್ತದೆ. ಇಂದಿರಾ ಕಾಫಿ ಎಸ್ಟೇಟಿನ ಒಬ್ಬಳೇ ಮಗಳು. ಒಬ್ಬಳೇ ಆಗಿರುವ ತನಕ ಮೋಹನನಿಗೆ ಅವಳು ಬೇಕು. ತಡವಾಗಿ ಒಬ್ಬ ತಮ್ಮ ಹುಟ್ಟುತ್ತಾನೆ. ಅವಳ ರೂಪ ಅದೇ, ಗುಣ ಅದೇ, ಆದರೆ ಬೆಲೆ ಇಳಿಯುತ್ತದೆ. ತೊಟ್ಟಿಲಿನ ಮಗು ಒಂದು ಮಾತೂ ಆಡದೆ ಅಕ್ಕನ ಮದುವೆ ಮುರಿಯುತ್ತದೆ! ಮೋಹನ ಕೆಟ್ಟವನು ಅಂತ ಹೇಳಿ ಮುಗಿಸುವುದು ಸುಲಭ. ಆದರೆ ಗಂಡು ಮಗು ಹುಟ್ಟಿದ ತಕ್ಷಣ ಮಗಳ ಪಾಲು ಕರಗಿಹೋಗುತ್ತದೆ ಅನ್ನುವ ಲೆಕ್ಕ ಅವನೊಬ್ಬನ ತಲೆಯಲ್ಲಿ ಹುಟ್ಟಿದ್ದಲ್ಲ. ಅದು ಇಡೀ ಸಮಾಜದ ಲೆಕ್ಕ. ಅವನು ಬರೀ ಕೂಡಿ ಕಳೆದು ನೋಡಿದ. ಕೊನೆಗೆ ಅವನೇ ತಿರುಗಿ ಬಂದಾಗ ಇಂದಿರಾ ಒಲ್ಲೆ ಅನ್ನುತ್ತಾಳಲ್ಲ, ಅದರ ತೂಕ ಗೊತ್ತಾಗುವುದು ಈ ಲೆಕ್ಕ ಗೊತ್ತಿದ್ದರೆ ಮಾತ್ರ.

‘ಗೃಹಭಂಗ’ದ ನಂಜಮ್ಮನದು ಇನ್ನೊಂದು ಥರ. ಗಂಡ ಚೆನ್ನಿಗರಾಯ ಹೆಸರಿಗೆ ಶ್ಯಾನುಭೋಗ, ಅಂದರೆ ಊರಿನ ಕಂದಾಯದ ಲೆಕ್ಕ ಬರೆಯುವವನು. ಲೆಕ್ಕದ ಪುಸ್ತಕ ಬರೆಯುವವಳು ಇವಳು. ರೂಲು ಹಾಕಿ, ಕೂಡಿ, ಸರಿಮಾಡಿ ಕೊಡುತ್ತಾಳೆ. ಹುದ್ದೆ ಮಾತ್ರ ಅವನದು, ಅದರ ದುಡ್ಡೂ ಅವನದು. ಇಲ್ಲಿ ಒಂದು ಪುಟ್ಟ ಕೆಲಸ ಮಾಡಿ. ನೋಟ್‌ಬುಕ್ಕಿನ ಒಂದು ಪುಟವನ್ನು ಎರಡು ಭಾಗ ಮಾಡಿ, ಎಡಗಡೆ ನಂಜಮ್ಮ ಮಾಡಿದ ಕೆಲಸ, ಬಲಗಡೆ ಅದರ ಫಲ ಯಾರ ಕೈ ಸೇರಿತು ಅಂತ ಬರೆಯುತ್ತಾ ಹೋಗಿ. ಪುಸ್ತಕದ ಅರ್ಧಕ್ಕೆ ಬರುವಷ್ಟರಲ್ಲಿ ನಿಮಗೆ ವಿಮರ್ಶೆಯ ಪುಸ್ತಕ ಬೇಕಾಗುವುದಿಲ್ಲ.

ಹೆಜ್ಜೆ 5: ಅವಳು ಎಲ್ಲಿಯ ತನಕ ಹೋಗಬಹುದು?

ನಕ್ಷೆ ಬರೆಯಿರಿ. ಚೆನ್ನಾಗಿ ಬರಬೇಕಾಗಿಲ್ಲ. ಅವಳ ಮನೆ, ಬಾವಿ ಅಥವಾ ಹೊಳೆ, ದೇವಸ್ಥಾನ, ತವರು. ಒಬ್ಬಳೇ ಹೋಗುವ ಜಾಗಕ್ಕೆ ಒಂದು ಗುರುತು, ಯಾರಾದರೂ ಜೊತೆಗಿದ್ದರೆ ಮಾತ್ರ ಹೋಗುವ ಜಾಗಕ್ಕೆ ಇನ್ನೊಂದು.

ನಂಜನಗೂಡಿನಿಂದ ಮೈಸೂರಿಗೆ ಸುಮಾರು 25 ಕಿ.ಮೀ. ಇವತ್ತು ಬಸ್ಸಿನಲ್ಲಿ ಮೊಬೈಲ್ ನೋಡುತ್ತಾ ಕೂತರೆ ಊರು ಬಂದಿದ್ದೇ ಗೊತ್ತಾಗುವುದಿಲ್ಲ. ‘ವಂಶವೃಕ್ಷ’ದಲ್ಲಿ ಅದೇ ದಾರಿ ಎರಡು ಲೋಕಗಳ ನಡುವೆ ಹಾಸಿದೆ. ಈ ಕಡೆ ಕಪಿಲೆ ಹೊಳೆ, ಮಾವ ಶ್ರೋತ್ರಿಗಳ ಮನೆ, ಗಂಡ ಸತ್ತ ಸೊಸೆ. ಆ ಕಡೆ ಕಾಲೇಜು, ನಾಟಕ, ರಾಜಾರಾವ್. ರೈಲಿನಲ್ಲಿ ಕೂತಾಗ ಮಾತ್ರ ಕಾತ್ಯಾಯನಿ ಸೊಸೆಯೂ ಅಲ್ಲ, ವಿದ್ಯಾರ್ಥಿನಿಯೂ ಅಲ್ಲ. ಅವಳು ಪ್ರಯಾಣ ಮಾಡುವ ಭಾಗಗಳನ್ನೆಲ್ಲ ಗುರುತು ಮಾಡಿಕೊಂಡು ಒಟ್ಟಿಗೆ ಓದಿ. ಸಾಧ್ಯವಾದರೆ ನಂಜನಗೂಡಿನ ರೈಲು ಹತ್ತಿ, ಅಲ್ಲೇ ಕೂತು ಓದಿ. ಇದು ಮೈಸೂರಿನ ಓದುಗರಿಗೆ ಮಾತ್ರ ಸಿಗುವ ಅನುಕೂಲ.

ಹೆಜ್ಜೆ 6: ಬೇರೆಯವರು ಅವಳನ್ನು ಏನೆಂದು ಕರೆಯುತ್ತಾರೆ?

‘ಶರಪಂಜರ’ಕ್ಕೆ ಈ ಹೆಜ್ಜೆ ತುಂಬಾ ಮುಖ್ಯ. ಕಾವೇರಿಗೆ ಹೆರಿಗೆಯ ನಂತರ ಮನಸ್ಸು ಕೆಡುತ್ತದೆ. ಆಸ್ಪತ್ರೆಗೆ ಸೇರುತ್ತಾಳೆ, ಗುಣವಾಗಿ ಮನೆಗೆ ಬರುತ್ತಾಳೆ. ಕಥೆ ನಿಜವಾಗಿ ಶುರುವಾಗುವುದು ಅಲ್ಲಿಂದ. ವೈದ್ಯರ ಪ್ರಕಾರ ಅವಳು ಗುಣವಾಗಿದ್ದಾಳೆ. ಮನೆಯವರ ಪ್ರಕಾರ, ನೆರೆಯವರ ಪ್ರಕಾರ, ಆಗಿಲ್ಲ. ನಕ್ಕರೂ ಅನುಮಾನ, ಸಿಟ್ಟಾದರೂ ಅನುಮಾನ. ಗಂಡನ ನಡತೆ ನೋಡಿ ಯಾವ ಹೆಂಡತಿಗಾದರೂ ಬರುವ ಕೋಪ ಇವಳಿಗೆ ಬಂದರೆ ಅದೂ ಹುಚ್ಚಿನ ಲಕ್ಷಣ!

ಈ ಭಾಗವನ್ನು ಎರಡು ಸಲ ಓದಿ. ಮೊದಲ ಸಲ ಸುಮ್ನೆ ಕಾವೇರಿಯ ಜೊತೆ ಹೋಗಿ. ಎರಡನೆಯ ಸಲ ಅವಳನ್ನು ಬಿಟ್ಟು ಉಳಿದವರನ್ನು ನೋಡಿ. ಅವಳ ಎದುರು ಯಾರು ಮಾತು ನಿಲ್ಲಿಸುತ್ತಾರೆ, ಯಾರು ಮಕ್ಕಳನ್ನು ಅವಳಿಂದ ದೂರ ಇಡುತ್ತಾರೆ, ಯಾರು ಅವಳ ಮಾತಿಗೆ ಉತ್ತರ ಕೊಡದೆ ಸಮಾಧಾನ ಮಾಡುತ್ತಾರೆ ಅಂತ ಪಟ್ಟಿ ಮಾಡಿ. ಒಬ್ಬರೂ ಅವಳಿಗೆ ಹೊಡೆಯುವುದಿಲ್ಲ. ಕೂಡಿ ಹಾಕುವುದೂ ಇಲ್ಲ. ಆದರೂ ಪಂಜರ ಎದ್ದು ನಿಲ್ಲುತ್ತದೆ. ಮನಶ್ಶಾಸ್ತ್ರ ಓದಿದ ಲೇಖಕಿ ಇದನ್ನು ಎಷ್ಟು ಹದವಾಗಿ ಕಟ್ಟಿದ್ದಾರೆ ಅಂದರೆ, ಯಾವ ಸಾಲಿನಲ್ಲಿ ಬಾಗಿಲು ಮುಚ್ಚಿತು ಅಂತ ಬೆರಳಿಟ್ಟು ತೋರಿಸುವುದು ಕಷ್ಟ.

1971ರ ಸಿನಿಮಾವನ್ನು ಪುಸ್ತಕ ಮುಗಿದ ಮೇಲೆ ನೋಡಿ. ಮೊದಲೇ ನೋಡಿದರೆ ನಟಿ ಕಲ್ಪನಾ ಅವರ ಮುಖ ಕಣ್ಣ ಮುಂದೆ ನಿಂತುಬಿಡುತ್ತದೆ, ಪುಸ್ತಕದ ಸಣ್ಣ ಸಣ್ಣ ಮಾತುಗಳು ಕೇಳಿಸುವುದಿಲ್ಲ. ಇನ್ನೊಂದು ಎಚ್ಚರಿಕೆ. 1963ರಲ್ಲಿ ಹೆರಿಗೆಯಾದ ಕೆಲವೇ ದಿನಗಳಲ್ಲಿ ತ್ರಿವೇಣಿಯವರು ತೀರಿಕೊಂಡರು. ಇದು ಗೊತ್ತಾದ ಕೂಡಲೇ ಕಾವೇರಿಯ ಕಥೆಯನ್ನೂ ಲೇಖಕಿಯ ಬದುಕನ್ನೂ ಗಂಟು ಹಾಕುವ ಆಸೆ ಬರುತ್ತದೆ. ಬೇಡ. ಹೆಣ್ಣು ಬರೆದದ್ದೆಲ್ಲ ಅವಳ ಸ್ವಂತ ಕಥೆಯೇ ಇರಬೇಕು ಅನ್ನುವುದೂ ಒಂದು ಹಳೆಯ ಕಟ್ಟುಪಾಡೇ.

ಹೆಜ್ಜೆ 7: ಅತ್ತೆಯನ್ನೂ ಒಳ್ಳೆಯ ಗಂಡಸನ್ನೂ ಬಿಡಬೇಡಿ

ಹಳೆಯ ಕಾದಂಬರಿಗಳಲ್ಲಿ ಸೊಸೆಯನ್ನು ನೇರವಾಗಿ ಕಾಡುವವಳು ಸಾಮಾನ್ಯವಾಗಿ ಅತ್ತೆ. ಪುಟ್ಟಣ್ಣನವರ ಕಾದಂಬರಿಯಲ್ಲೂ ಅತ್ತೆಯ ಕಾಟ ಇದೆ, ‘ಗೃಹಭಂಗ’ದ ಗಂಗಮ್ಮನ ಬಾಯಿಯಂತೂ ಕೇಳುವುದೇ ಬೇಡ. ಇಲ್ಲಿಗೆ ಬಂದಾಗ ಯಾರಾದರೊಬ್ಬರು ಹೇಳೇ ಹೇಳುತ್ತಾರೆ: “ನೋಡಿ, ಹೆಣ್ಣಿಗೆ ಹೆಣ್ಣೇ ಶತ್ರು.” ಆಗ ಹೆಜ್ಜೆ 4ಕ್ಕೆ ವಾಪಸ್ ಹೋಗಿ. ಅತ್ತೆಯ ಕೈಯಲ್ಲಿ ಏನಿದೆ? ಉಗ್ರಾಣ, ಒಲೆ, ಮಗ. ಅಷ್ಟೇ. ಸೊಸೆ ಬಂದರೆ ಮೂರೂ ಕೈ ತಪ್ಪುವ ಭಯ. ಜಮೀನಿನ ಬಗ್ಗೆ ಗಂಗಮ್ಮ ಎಷ್ಟೇ ಕೂಗಾಡಲಿ, ಊರಿನ ದಫ್ತರದಲ್ಲಿ ಅವಳ ಮಾತಿಗೆ ಬೆಲೆ ಇಲ್ಲ. ಹಾಗಂತ ಅವಳನ್ನು ಕ್ಷಮಿಸಬೇಕಿಲ್ಲ. ಅವಳು ಯಾವ ಸಣ್ಣ ಜಾಗಕ್ಕಾಗಿ ಇಷ್ಟು ಜೋರಾಗಿ ಹೊಡೆದಾಡುತ್ತಿದ್ದಾಳೆ ಅಂತ ನೋಡಿದರೆ ಸಾಕು.

ಒಳ್ಳೆಯ ಗಂಡಸು ಇನ್ನೂ ಕಷ್ಟದ ವಿಷಯ. ಶ್ರೀನಿವಾಸ ಶ್ರೋತ್ರಿಗಳು ಸೊಸೆಯನ್ನು ಬೈಯುವುದಿಲ್ಲ, ಅವಳ ಓದನ್ನು ನಿಲ್ಲಿಸುವುದಿಲ್ಲ. ಓದುಗರಿಗೆ ಅವರ ಮೇಲೆ ಗೌರವ ಬಂದೇ ಬರುತ್ತದೆ, ನನಗೂ ಇದೆ. ಆದರೆ ಮಗು ಯಾರದು ಅನ್ನುವ ಪ್ರಶ್ನೆ ಬಂದಾಗ ಅವರ ಉತ್ತರ ವಂಶದ ಕಡೆಗೇ. ಕಾತ್ಯಾಯನಿ ಕೊನೆಗೆ ಮಗನನ್ನು ಬಿಟ್ಟೇ ಹೊರಡುತ್ತಾಳೆ. ಬೈದಿದ್ದರೆ ಜಗಳವಾಡಿ ಹೋಗಬಹುದಿತ್ತು. ಬೈಯದವರ ಹತ್ತಿರ ಜಗಳ ಆಡುವುದು ಹೇಗೆ? ಇನ್ನು ಆ ವಂಶದ ಬಗ್ಗೆ ಶ್ರೋತ್ರಿಗಳಿಗೇ ಮುಂದೆ ಒಂದು ಸತ್ಯ ಗೊತ್ತಾಗುತ್ತದೆ. ಓದದವರಿಗೆ ಅದನ್ನು ಇಲ್ಲಿ ಹೇಳಿ ಕೆಡಿಸುವುದಿಲ್ಲ. ಅದು ಗೊತ್ತಾದ ಮೇಲೆ, ಮಗುವನ್ನು ಬಿಡುವ ಭಾಗಕ್ಕೆ ಹಿಂತಿರುಗಿ ಅದನ್ನೇ ಮತ್ತೆ ಓದಿ.

ಬೇರೆ ಭಾಷೆಯ ಪುಸ್ತಕ ಸೇರಿಸಿಕೊಳ್ಳುವ ಆಸೆ ಇದ್ದರೆ ಇಲ್ಲಿ ಟಾಲ್‌ಸ್ಟಾಯ್ ಅವರ ‘ಅನ್ನಾ ಕರೆನಿನಾ’ ಚೆನ್ನಾಗಿ ಹೊಂದುತ್ತದೆ. ಅಲ್ಲೂ ಮಗ ಗಂಡನ ಮನೆಯಲ್ಲೇ ಉಳಿಯುತ್ತಾನೆ. ಅವನ ಹುಟ್ಟುಹಬ್ಬದ ದಿನ ತಾಯಿ ಕದ್ದು ಬಂದು ನೋಡಿ ಹೋಗಬೇಕಾಗುತ್ತದೆ. 1870ರ ದಶಕದ ರಷ್ಯಾ, ಮಹಾರಾಜರ ಕಾಲದ ನಂಜನಗೂಡು. ತಾಯಿಗೆ ಮಗುವಿನ ಮೇಲೆ ಹಕ್ಕಿಲ್ಲ ಅನ್ನುವಲ್ಲಿ ಎರಡೂ ಒಂದೇ.

ಹೆಜ್ಜೆ 8: ಪುಸ್ತಕದಲ್ಲಿ ಯಾರಿಲ್ಲ?

ಇಲ್ಲಿಯ ತನಕ ಹೇಳಿದ ಹೆಚ್ಚಿನ ಪುಸ್ತಕಗಳು ಬ್ರಾಹ್ಮಣ ಮನೆಗಳ ಕಥೆ. ತಲೆ ಬೋಳಿಸುವುದು, ಮಡಿ, ಮರುಮದುವೆಗೆ ಪೂರ್ತಿ ತಡೆ, ಇವೆಲ್ಲ ಮುಖ್ಯವಾಗಿ ಅಲ್ಲಿನ ಕಟ್ಟುಪಾಡುಗಳು. ದುಡಿಯುವ ಎಷ್ಟೋ ಸಮುದಾಯಗಳಲ್ಲಿ ಗಂಡ ಸತ್ತವಳು ಕೂಡಿಕೆ ಮಾಡಿಕೊಂಡು ಮತ್ತೆ ಸಂಸಾರ ಹೂಡುವುದಿತ್ತು. ಮಂಡ್ಯದ ಗದ್ದೆ ಬಯಲಿನಲ್ಲಿ ನಾಟಿ ಹಾಕುವ ಹೆಂಗಸಿಗೆ ಹೊರಗೆ ಕಾಲಿಡಬಾರದು ಅಂದರೆ ಹೊಟ್ಟೆ ತುಂಬುವುದಿಲ್ಲ. ಅವಳ ಕಷ್ಟ ಬೇರೆ ಕಡೆ ಇದೆ: ಕೂಲಿ, ಸಾಲ, ಜಾತಿ, ಕುಡಿಯುವ ಗಂಡ.

ಹಾಗಾಗಿ ಮೂರು ಪುಸ್ತಕ ಆದ ಮೇಲೆ ದಿಕ್ಕು ಬದಲಿಸಿ. ಕುವೆಂಪು ಅವರ ‘ಕಾನೂರು ಹೆಗ್ಗಡಿತಿ’ಯಲ್ಲಿ ಸುಬ್ಬಮ್ಮ ಚಂದ್ರಯ್ಯಗೌಡರ ಮೂರನೆಯ ಹೆಂಡತಿ. ದೊಡ್ಡ ಮನೆಯ ಅಧಿಕಾರ ಅವಳಿಗೆ ಹೇಗೆ ಸಿಗುತ್ತದೆ, ಅದಕ್ಕೆ ಅವಳು ತೆರುವ ಬೆಲೆ ಏನು ಅಂತ ನೋಡಿ. ಆಮೇಲೆ ನಂಜನಗೂಡು ತಾಲ್ಲೂಕಿನವರೇ ಆದ ದೇವನೂರ ಮಹಾದೇವ ಅವರ ‘ಒಡಲಾಳ’. ಕಳೆದುಹೋದ ಹುಂಜಕ್ಕಾಗಿ ಹುಡುಕಾಡುವ ಸಾಕವ್ವನ ಮಾತಿನ ಜೋರು ನೋಡಿದರೆ ಕಾತ್ಯಾಯನಿಗಿಂತ ಇವಳೇ ಸ್ವತಂತ್ರಳು ಅನ್ನಿಸುತ್ತದೆ. ಅವಳ ಗುಡಿಸಲಿಗೆ ಪೊಲೀಸರು ಬಂದಾಗ ಆ ಸ್ವಾತಂತ್ರ್ಯದ ಅಳತೆ ಗೊತ್ತಾಗುತ್ತದೆ. ಶ್ರೋತ್ರಿಗಳ ಮನೆಗೂ ಸಾಕವ್ವನ ಗುಡಿಸಲಿಗೂ ಒಂದೇ ಸೀಮೆ, ಆದರೆ ಒಂದರ ನೆರಳು ಇನ್ನೊಂದರ ಮೇಲೆ ಬೀಳುವುದಿಲ್ಲ.

ಹೆಜ್ಜೆ 9: ಕೊನೆಯ ಅಧ್ಯಾಯಕ್ಕೆ ಒಂದು ಸಂಜೆ ಕೊಡಿ

ಗೆರೆ ದಾಟಿದ ಹೆಣ್ಣಿಗೆ ಕೊನೆಯಲ್ಲಿ ಏನಾಗುತ್ತದೆ? ಸಾವು, ಹುಚ್ಚು, ಮದುವೆ, ಒಂಟಿ ಬದುಕು. ಹಳೆಯ ಕಾದಂಬರಿಗಳಲ್ಲಿ ಸಾಮಾನ್ಯವಾಗಿ ಈ ನಾಲ್ಕರಲ್ಲಿ ಒಂದು. ನೀವು ಓದಿದ ಪುಸ್ತಕಗಳನ್ನು ವರ್ಷದ ಪ್ರಕಾರ ಜೋಡಿಸಿ, ಮುಂದೆ ಕೊನೆಯನ್ನು ಬರೆಯಿರಿ. ಕಾಲ ಮುಂದೆ ಹೋದಂತೆ ಹೆಣ್ಣಿನ ಪಾಡು ಸುಧಾರಿಸುತ್ತದೆ ಅಂತ ಅಂದುಕೊಂಡಿದ್ದರೆ ಆಶ್ಚರ್ಯ ಕಾದಿದೆ. 1899ರ ‘ಇಂದಿರಾಬಾಯಿ’ಯ ನಾಯಕಿ ಮರುಮದುವೆಯಾಗಿ ಬಾಳುತ್ತಾಳೆ. 1965ರ ಕಾತ್ಯಾಯನಿಗೆ ಗರ್ಭಗಳು ನಿಲ್ಲುವುದಿಲ್ಲ, ಕೊರಗಿ ಸಾಯುತ್ತಾಳೆ.

ಈಗ ಕೇಳಬೇಕಾದ ಪ್ರಶ್ನೆ: ಅವಳನ್ನು ಕೊಂದದ್ದು ಸಮಾಜವಾ, ಕಾದಂಬರಿಯಾ? ಆ ಸಾವು ಅಲ್ಲಿಯ ತನಕ ನಡೆದದ್ದರಿಂದ ತಾನಾಗಿ ಬಂತಾ, ಇಲ್ಲಾ ತಪ್ಪು ಮಾಡಿದವಳಿಗೆ ಶಿಕ್ಷೆ ಆಗಲಿ ಅಂತ ಬಂತಾ? ನನ್ನ ಅಭಿಪ್ರಾಯದಲ್ಲಿ ‘ವಂಶವೃಕ್ಷ’ ಎರಡೂ ಕಡೆ ಎಳೆಯುತ್ತದೆ. ಕಥೆ ತೋರಿಸುವುದು ಒಂದು, ಹೇಳಬೇಕು ಅಂದುಕೊಂಡದ್ದು ಇನ್ನೊಂದು. ನೀವು ಒಪ್ಪದೇ ಇರಬಹುದು. ಪುಟ ತೋರಿಸಿ ಜಗಳವಾಡಿ. ‘ಫಣಿಯಮ್ಮ’ದಲ್ಲಿ ಕೊನೆ ಬೇರೆ ಥರ. ಜೀವನವಿಡೀ ಎಲ್ಲ ಕಟ್ಟಳೆಗಳನ್ನೂ ಪಾಲಿಸಿದ ಮುದುಕಿಯೇ, ತಲೆ ಬೋಳಿಸಿಕೊಳ್ಳಲಾರೆ ಅನ್ನುವ ಹುಡುಗಿಯ ಪರ ನಿಲ್ಲುತ್ತಾಳೆ. ಸ್ವಂತ ಬದುಕಿಗೆ ಸಿಗದ್ದನ್ನು ಇನ್ನೊಬ್ಬಳಿಗೆ ಸಿಗುವಂತೆ ಮಾಡುವುದು. ನನಗೆ ಇಷ್ಟವಾದ ಕೊನೆ ಇದು.

ನಂಜನಗೂಡು ತಿರುಮಲಾಂಬ ಅವರ ‘ಸುಶೀಲೆ’ (1913) ಸಿಕ್ಕರೆ ಈ ಸಾಲಿಗೆ ಸೇರಿಸಿ. ಲೇಖಕಿ ಸ್ವತಃ ಬಾಲವಿಧವೆ, ತಮ್ಮದೇ ಗ್ರಂಥಮಾಲೆ ನಡೆಸಿದವರು, ಪತ್ರಿಕೆ ತಂದವರು. ಅವರ ನಾಯಕಿ ಮಾತ್ರ ಪತಿವ್ರತೆಯ ಮಾದರಿ. ಬರೆದವರ ಬದುಕೇ ಪುಸ್ತಕಕ್ಕಿಂತ ಧೈರ್ಯದ್ದು.

ಹೆಜ್ಜೆ 10: ಕೂತು ಮಾತಾಡುವಾಗ

ಗುಂಪಿನಲ್ಲಿ ಹೆಂಗಸರೂ ಗಂಡಸರೂ ಇರಲಿ, ವಯಸ್ಸಾದವರೂ ಇರಲಿ. “ಆಗಿನ ಕಾಲ ಹಾಗಿತ್ತು ಬಿಡಿ” ಅನ್ನುವ ಮಾತು ಬರುತ್ತದೆ, ಸಿದ್ಧರಾಗಿರಿ. ವಾದಕ್ಕೆ ಇಳಿಯಬೇಡಿ. ಅದೇ ಪುಸ್ತಕದಲ್ಲಿ, ಅದೇ ಕಾಲದಲ್ಲಿ, ಬೇರೆ ಥರ ಯೋಚಿಸಿದ ಒಬ್ಬರನ್ನಾದರೂ ಹುಡುಕಿ ಅಂತ ಕೇಳಿ. ಹೆಚ್ಚಾಗಿ ಸಿಗುತ್ತಾರೆ.

ಅಜ್ಜಿಯರಿದ್ದರೆ “ನಿಮಗೆ ಕಷ್ಟ ಇತ್ತಾ ಅಜ್ಜಿ?” ಅಂತ ಕೇಳಬೇಡಿ. “ಏನಿಲ್ಲಪ್ಪ, ಚೆನ್ನಾಗೇ ಇದ್ವಿ” ಅಂತ ಉತ್ತರ ಬರುತ್ತದೆ, ಅಲ್ಲಿಗೆ ಮುಗಿಯಿತು. ಸಣ್ಣದನ್ನು ಕೇಳಿ. ಮದುವೆಯಾದ ಹೊಸದರಲ್ಲಿ ತವರಿಗೆ ಹೋಗಬೇಕಾದರೆ ಯಾರನ್ನು ಕೇಳಬೇಕಿತ್ತು? ಬಸ್ ಚಾರ್ಜು ಯಾರು ಕೊಡುತ್ತಿದ್ದರು? ಊಟಕ್ಕೆ ಎಷ್ಟನೇ ಪಂಕ್ತಿಯಲ್ಲಿ ಕೂರುತ್ತಿದ್ದಿರಿ? ಆಮೇಲೆ ನೀವು ಸುಮ್ಮನಿದ್ದರೆ ಸಾಕು.

ಹಾಗೆ ಮಾತಾಡುತ್ತಾ ಯಾರಾದರೂ ತಮ್ಮ ಮನೆಯದೇ ಸಂಗತಿ ಹೇಳಲು ಶುರು ಮಾಡಿದರೆ ನೋಟ್‌ಬುಕ್ ಮುಚ್ಚಿಡಿ, ಮೊಬೈಲಿನಲ್ಲಿ ರೆಕಾರ್ಡ್ ಮಾಡಬೇಡಿ, ಹೊರಗೆ ಹೇಳಬೇಡಿ. ಅವತ್ತಿನ ಪುಸ್ತಕ ಅರ್ಧಕ್ಕೆ ನಿಂತರೆ ನಿಲ್ಲಲಿ, ಮುಂದಿನ ತಿಂಗಳು ಅಲ್ಲಿಂದಲೇ ಓದಬಹುದು.